ಸೆಂಟ್ರಲ್ ಪಾರ್ಕ್ ಒಂದೇ ದಿನದಲ್ಲಿ: ಉತ್ತರದಿಂದ ದಕ್ಷಿಣಕ್ಕೆ ನಡೆದು ನೋಡುವವರಿಗೆ ಸಮಗ್ರ ಮಾರ್ಗದರ್ಶಿ

ನ್ಯೂಯಾರ್ಕ್ ನೋಡಿ ಬಂದವರನ್ನು ಸೆಂಟ್ರಲ್ ಪಾರ್ಕ್ ಬಗ್ಗೆ ಕೇಳಿ ನೋಡಿ. ಹೆಚ್ಚಿನವರ ಉತ್ತರ ಒಂದೇ ಥರ ಇರುತ್ತದೆ. 59ನೇ ಬೀದಿಯ ಮೂಲೆಯಲ್ಲಿ ಒಳಗೆ ಹೋದೆವು, ಕೊಳದ ಹತ್ತಿರ ಫೋಟೊ ತೆಗೆದೆವು, ಕಾರಂಜಿವರೆಗೆ ನಡೆದೆವು, ಕಾಲು ನೋಯಿತು, ವಾಪಸ್ ಬಂದೆವು. ಅಂದರೆ ಅವರು ನೋಡಿದ್ದು ಪಾರ್ಕಿನ ಕಾಲು ಭಾಗ ಮಾತ್ರ. ಅದೂ ಜನ ಜಾಸ್ತಿ ತುಂಬಿರುವ ಭಾಗ.

ನನ್ನ ಸಲಹೆ ಇದಕ್ಕೆ ಪೂರ್ತಿ ಉಲ್ಟಾ. ಬೆಳಿಗ್ಗೆ ಉತ್ತರದ ತುದಿಯಲ್ಲಿ, 110ನೇ ಬೀದಿಯಲ್ಲಿ ಶುರು ಮಾಡಿ. ಸಂಜೆ ಹೊತ್ತಿಗೆ 59ನೇ ಬೀದಿಗೆ ಬನ್ನಿ. ಇದಕ್ಕೆ ಕಾರಣಗಳಿವೆ. ಉತ್ತರದ ಕಾಡು ಬೆಳಗಿನ ಹೊತ್ತಿಗೇ ಚೆಂದ, ಕತ್ತಲಲ್ಲಿ ಅಲ್ಲಿ ಓಡಾಡುವುದು ಬೇಡ. ದಕ್ಷಿಣ ಭಾಗಕ್ಕೆ ಸಂಜೆಯೇ ಸರಿ, ಆಗ ಸುತ್ತಲಿನ ಗಗನಚುಂಬಿ ಕಟ್ಟಡಗಳ ದೀಪ ಒಂದೊಂದಾಗಿ ಹೊತ್ತಿಕೊಳ್ಳುತ್ತವೆ. ಊಟದ ಹೊತ್ತಿಗೆ ನೀವು ನಡುಭಾಗದಲ್ಲಿರುತ್ತೀರಿ. ಕೂರಲು, ತಿನ್ನಲು, ಶೌಚಾಲಯಕ್ಕೆ ಅಲ್ಲಿ ಅನುಕೂಲ ಜಾಸ್ತಿ.

ಇನ್ನೊಂದು ವಿಷಯ ಮೊದಲೇ ತಲೆಯಲ್ಲಿರಲಿ. ಇಲ್ಲಿ ಕಾಣುವುದರಲ್ಲಿ ಬಂಡೆಗಳನ್ನು ಬಿಟ್ಟರೆ ತಾನಾಗಿ ಹುಟ್ಟಿದ್ದು ತೀರಾ ಕಡಿಮೆ. ಕೆರೆ, ತೊರೆ, ಜಲಪಾತ, ಕಾಡು, ಹುಲ್ಲುಗಾವಲು ಎಲ್ಲವನ್ನೂ ಮನುಷ್ಯರು ಯೋಚಿಸಿ, ಅಗೆದು, ಮಣ್ಣು ಹೊತ್ತು, ನೆಟ್ಟು ಮಾಡಿದ್ದು. 1858ರಲ್ಲಿ ನಡೆದ ವಿನ್ಯಾಸ ಸ್ಪರ್ಧೆಯಲ್ಲಿ ಫ್ರೆಡರಿಕ್ ಲಾ ಓಮ್‌ಸ್ಟೆಡ್ ಮತ್ತು ಕ್ಯಾಲ್ವರ್ಟ್ ವಾಕ್ಸ್ ಸೇರಿ ಬರೆದ 'ಗ್ರೀನ್‌ಸ್ವಾರ್ಡ್' ನಕ್ಷೆ ಗೆದ್ದಿತು. ಅದೇ ವರ್ಷದ ಚಳಿಗಾಲದಲ್ಲಿ ಜನ ಹೆಪ್ಪುಗಟ್ಟಿದ ಕೆರೆಯ ಮೇಲೆ ಸ್ಕೇಟಿಂಗ್ ಮಾಡಿದರು. ಇಡೀ ಪಾರ್ಕ್ ಮುಗಿದದ್ದು 1876ರಲ್ಲಿ. 'ಇದನ್ನು ಇಲ್ಲಿ ಯಾಕೆ ಹೀಗೆ ಮಾಡಿದರು?' ಅಂತ ಕೇಳಿಕೊಳ್ಳುತ್ತಾ ನಡೆದರೆ ದಾರಿ ಬೇಸರವಾಗುವುದಿಲ್ಲ.

ಹೊರಡುವ ಮುಂಚೆ

ಪಾರ್ಕ್ ಒಂದು ಉದ್ದನೆಯ ಆಯತ. ಉದ್ದ ಸುಮಾರು 4 ಕಿಲೋಮೀಟರ್, ಅಗಲ 800 ಮೀಟರ್, ಒಟ್ಟು 843 ಎಕರೆ. ಪೂರ್ವಕ್ಕೆ ಫಿಫ್ತ್ ಅವೆನ್ಯೂ, ಪಶ್ಚಿಮಕ್ಕೆ ಸೆಂಟ್ರಲ್ ಪಾರ್ಕ್ ವೆಸ್ಟ್. 4 ಕಿಲೋಮೀಟರ್ ಅಂದರೆ ಸುಲಭ ಅನಿಸುತ್ತದೆ, ಅಲ್ವಾ? ಆದರೆ ಇಲ್ಲಿನ ಕಾಲುದಾರಿಗಳು ನೇರವಾಗಿ ಹೋಗುವುದೇ ಇಲ್ಲ. ಬೇಕಂತಲೇ ಬಳಸು ದಾರಿ ಮಾಡಿದ್ದಾರೆ. ನಾನು ಹೇಳುವ ದಾರಿ ಅದರ ಎರಡರಷ್ಟಾದರೂ ಆಗುತ್ತದೆ. ನಡೆದು ಪಳಗಿದ ಶೂ ಹಾಕಿಕೊಳ್ಳಿ. ಹೊಸ ಶೂ ಖಂಡಿತ ಬೇಡ.

ಪ್ರವೇಶ ಉಚಿತ. ಬೆಳಿಗ್ಗೆ 6ರಿಂದ ರಾತ್ರಿ 1ರವರೆಗೆ ತೆರೆದಿರುತ್ತದೆ. ಮೃಗಾಲಯ, ದೋಣಿ, ಮೆರ್ರಿ-ಗೋ-ರೌಂಡ್, ಸ್ಕೇಟಿಂಗ್ ಇವುಗಳಿಗೆ ಮಾತ್ರ ದುಡ್ಡು.

ಯಾವ ಕಾಲದಲ್ಲಿ ಹೋಗಬೇಕು? ಕೇಳಿದರೆ ನಾನು ಅಕ್ಟೋಬರ್ ಕೊನೆ, ನವೆಂಬರ್ ಮೊದಲ ವಾರ ಅನ್ನುತ್ತೇನೆ. ಆಗ ಎಲೆಗಳು ಹಳದಿ, ಕಿತ್ತಳೆ, ಕೆಂಪಿಗೆ ತಿರುಗಿರುತ್ತವೆ, ಸೆಕೆಯೂ ಇಲ್ಲ. ಎರಡನೇ ಆಯ್ಕೆ ಏಪ್ರಿಲ್ ಮತ್ತು ಮೇ. ಏಪ್ರಿಲ್‌ನಲ್ಲಿ ಚೆರ್ರಿ ಹೂ, ಮೇನಲ್ಲಿ ವಲಸೆ ಹಕ್ಕಿಗಳು. ಜುಲೈ, ಆಗಸ್ಟ್‌ನಲ್ಲಿ ಬೆವರು ಸುರಿಯುವ ಸೆಕೆ, ಜೊತೆಗೆ ಇದ್ದಕ್ಕಿದ್ದಂತೆ ಗುಡುಗು ಮಳೆ. ಹಗಲಿನ ಲೆಕ್ಕವೂ ಇರಲಿ. ಜೂನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂವರೆಗೆ, ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆ. ಚಳಿಗಾಲದಲ್ಲಿ ಹೋದರೆ ಈ ದಾರಿಯನ್ನು ಎರಡು ದಿನಕ್ಕೆ ಹಂಚಿಕೊಳ್ಳಿ.

ಚೀಲದಲ್ಲಿ ನೀರಿನ ಬಾಟಲಿ, ತಿಂಡಿ, ನೆಲಕ್ಕೆ ಹಾಸಲು ಒಂದು ಬಟ್ಟೆ, ಒಂದು ತೆಳು ಜಾಕೆಟ್ ಇರಲಿ. ಬಾಟಲಿ ತುಂಬಿಸಿಕೊಳ್ಳಲು ಒಳಗೆ ನಲ್ಲಿಗಳಿವೆ, ಚಳಿಗಾಲದಲ್ಲಿ ಮಾತ್ರ ನಿಲ್ಲಿಸಿಬಿಡುತ್ತಾರೆ. ದುರ್ಬೀನು ಇದ್ದರೆ ಮರೆಯದೆ ತೆಗೆದುಕೊಂಡು ಹೋಗಿ.

ದಾರಿ ತಪ್ಪಿದರೆ ಏನು ಮಾಡಬೇಕು

ದಾರಿ ತಪ್ಪುವುದು ಗ್ಯಾರಂಟಿ. ಆದರೆ ಫೋನ್ ತೆಗೆಯುವ ಮೊದಲು ಹತ್ತಿರದ ದೀಪದ ಕಂಬ ನೋಡಿ. ಕಂಬದ ಬುಡದಲ್ಲಿ ಒಂದು ಚಿಕ್ಕ ಫಲಕ, ಅದರಲ್ಲಿ ಅಂಕೆಗಳಿರುತ್ತವೆ. ಮೊದಲ ಎರಡು ಅಥವಾ ಮೂರು ಅಂಕೆ ಹತ್ತಿರದ ಬೀದಿಯ ಸಂಖ್ಯೆ. ಕೊನೆಯ ಅಂಕೆ ಸಮ ಇದ್ದರೆ ನೀವು ಪೂರ್ವದ ಕಡೆ ಇದ್ದೀರಿ, ಬೆಸ ಇದ್ದರೆ ಪಶ್ಚಿಮದ ಕಡೆ. ಉದಾಹರಣೆಗೆ 7205 ಅಂತಿದ್ದರೆ 72ನೇ ಬೀದಿಯ ಹತ್ತಿರ, ಪಶ್ಚಿಮ ಭಾಗ. ಮರ ದಟ್ಟವಾಗಿಲ್ಲದ ಕಡೆ ತಲೆ ಎತ್ತಿದರೂ ಸಾಕು. ಕಡ್ಡಿಯಂತೆ ಸಣ್ಣಗೆ, ಎತ್ತರಕ್ಕೆ ನಿಂತ ಕಟ್ಟಡಗಳ ಗುಂಪು ಎಲ್ಲಿದೆಯೋ ಅದು ದಕ್ಷಿಣ.

1. ಹಾರ್ಲೆಮ್ ಮೀರ್ ಮತ್ತು ಕನ್ಸರ್ವೇಟರಿ ಗಾರ್ಡನ್

ಸಬ್‌ವೇ 2 ಅಥವಾ 3ನೇ ಸಂಖ್ಯೆಯ ರೈಲು ಹತ್ತಿ 'ಸೆಂಟ್ರಲ್ ಪಾರ್ಕ್ ನಾರ್ತ್ 110' ನಿಲ್ದಾಣದಲ್ಲಿ ಇಳಿಯಿರಿ. ಮೆಟ್ಟಿಲು ಹತ್ತಿ ರಸ್ತೆ ದಾಟಿದರೆ ಪಾರ್ಕ್. ಎದುರಿಗೇ ಹಾರ್ಲೆಮ್ ಮೀರ್ ಎಂಬ ಕೆರೆ. ಬೆಳಿಗ್ಗೆ ಇಲ್ಲಿ ಸ್ಥಳೀಯರು ನಾಯಿ ಕರೆದುಕೊಂಡು ಬರುತ್ತಾರೆ, ಕೆಲವರು ಗಾಳ ಹಾಕಿ ಕೂತಿರುತ್ತಾರೆ. ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡಬೇಕು ಅನ್ನುವುದು ನಿಯಮ.

ಕೆರೆಯ ಪೂರ್ವ ದಂಡೆ ಹಿಡಿದು ದಕ್ಷಿಣಕ್ಕೆ ಹೋದರೆ ಕನ್ಸರ್ವೇಟರಿ ಗಾರ್ಡನ್. 6 ಎಕರೆಯ ಈ ತೋಟ 1937ರಲ್ಲಿ ಶುರುವಾಯಿತು. ಇಡೀ ಪಾರ್ಕಿನಲ್ಲಿ ಅಚ್ಚುಕಟ್ಟಾಗಿ ಅಳತೆ ಹಾಕಿ ನೆಟ್ಟ ತೋಟ ಅಂದರೆ ಇದೇ. ಇಟಾಲಿಯನ್, ಫ್ರೆಂಚ್, ಇಂಗ್ಲಿಷ್ ಶೈಲಿಯ ಮೂರು ಭಾಗಗಳಿವೆ. ಫಿಫ್ತ್ ಅವೆನ್ಯೂ ಕಡೆಯ ಕಬ್ಬಿಣದ ದೊಡ್ಡ ಗೇಟು ಹಿಂದೆ ವ್ಯಾಂಡರ್‌ಬಿಲ್ಟ್ ಮನೆತನದ ಬಂಗಲೆಯಲ್ಲಿತ್ತು. ಇಲ್ಲಿ ಓಟ, ಸೈಕಲ್ ಏನೂ ಇಲ್ಲ. ಅರ್ಧ ಗಂಟೆ ಸುಮ್ನೆ ಕೂತುಕೊಳ್ಳಿ. ಹೊರಡುವ ಮೊದಲು ಇಲ್ಲಿನ ಶೌಚಾಲಯ ಬಳಸಿ, ಮುಂದೆ ಸ್ವಲ್ಪ ದೂರ ಕಾಡು.

2. ಕಾಡೊಳಗೆ: ರವೀನ್ ಮತ್ತು ಲಾಕ್

ಬಂದ ದಾರಿಯಲ್ಲೇ ಕೆರೆಯ ದಕ್ಷಿಣ ದಂಡೆಗೆ ವಾಪಸ್ ಬನ್ನಿ. ಅಲ್ಲಿ 2025ರಲ್ಲಿ ತೆರೆದ ಡೇವಿಸ್ ಸೆಂಟರ್ ಇದೆ. ಬೇಸಿಗೆಯಲ್ಲಿ ಈಜುಕೊಳ, ಚಳಿಗಾಲದಲ್ಲಿ ಸ್ಕೇಟಿಂಗ್. ಅದನ್ನು ದಾಟಿದರೆ ಹಡಲ್‌ಸ್ಟೋನ್ ಕಮಾನು ಸಿಗುತ್ತದೆ. ಗಾರೆ ಹಾಕದೆ, ದೈತ್ಯ ಬಂಡೆಗಳನ್ನು ಒಂದಕ್ಕೊಂದು ಆನಿಸಿಯೇ ಕಟ್ಟಿದ ಕಮಾನು ಇದು. ತಲೆಯ ಮೇಲೆ ರಸ್ತೆ, ಕೆಳಗೆ ನೀವು ಮತ್ತು ತೊರೆ. ಒಂದು ನಿಮಿಷ ನಿಂತು ಮೇಲಿನ ಕಲ್ಲುಗಳನ್ನು ನೋಡಿ. ಭಾರವೇ ಅವನ್ನು ಹಿಡಿದು ನಿಲ್ಲಿಸಿದೆ.

ಕಮಾನಿನ ಆಚೆ ರವೀನ್ ಎಂಬ ಕಣಿವೆ. ಅದರಲ್ಲಿ ಹರಿಯುವ ತೊರೆಗೆ ಲಾಕ್ ಅಂತ ಹೆಸರು. ಪಕ್ಕದಲ್ಲಿ ನಾರ್ತ್ ವುಡ್ಸ್ ಕಾಡು. ಸಣ್ಣ ಸಣ್ಣ ಜಲಪಾತಗಳ ಸದ್ದು ಕೇಳಿಸುತ್ತದೆ, ವಾಹನದ ಸದ್ದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕೋಟ್ಯಂತರ ಡಾಲರಿನ ಅಪಾರ್ಟ್‌ಮೆಂಟುಗಳು ಕೆಲವೇ ನೂರು ಮೀಟರ್ ದೂರದಲ್ಲಿವೆ ಅಂದರೆ ನಂಬುವುದು ಕಷ್ಟ. ತಮಾಷೆ ಏನೆಂದರೆ, ಈ ಜಲಪಾತಗಳಲ್ಲಿ ಬೀಳುವುದು ನಗರದ ಕೊಳಾಯಿ ನೀರು. ಕೆರೆಗಳಿಗೂ ಅಲ್ಲಿಂದಲೇ ನೀರು. ಅದನ್ನು ತಿಳಿದ ಮೇಲೂ ಜಾಗದ ಸೊಗಸು ಕಡಿಮೆಯಾಗುವುದಿಲ್ಲ, ನನ್ನ ಮಟ್ಟಿಗೆ ಜಾಸ್ತಿಯೇ ಆಗುತ್ತದೆ.

ತೊರೆಯ ಪಕ್ಕದ ದಾರಿ ಬಿಡಬೇಡಿ. ಗ್ಲೆನ್ ಸ್ಪಾನ್ ಕಮಾನಿನ ಕೆಳಗೆ ದಾಟಿದರೆ ಪೂಲ್ ಎಂಬ ಪುಟ್ಟ ಕೊಳ. ನೀರಿನ ಅಂಚಿಗೆ ಬಾಗಿದ ಮರಗಳು, ಒಂದಷ್ಟು ಬಾತುಕೋಳಿಗಳು. ಶರತ್ಕಾಲದಲ್ಲಿ ಪಾರ್ಕಿನ ಅತ್ಯಂತ ಚೆಂದದ ಜಾಗ ಇದೇ ಅನ್ನುವುದು ನನ್ನ ಅಭಿಪ್ರಾಯ. ಪೋಸ್ಟ್‌ಕಾರ್ಡುಗಳಲ್ಲಿ ಇದು ಕಾಣಿಸುವುದೇ ಇಲ್ಲ. ಬಾತುಕೋಳಿಗೆ ಬ್ರೆಡ್ ಹಾಕಬೇಡಿ. ಅವಕ್ಕೂ ಒಳ್ಳೆಯದಲ್ಲ, ನೀರೂ ಕೆಡುತ್ತದೆ, ನಿಯಮದ ಪ್ರಕಾರ ಇಲ್ಲಿ ಯಾವ ಕಾಡುಪ್ರಾಣಿ, ಪಕ್ಷಿಗೂ ಆಹಾರ ಹಾಕುವಂತಿಲ್ಲ.

ಕೋಟೆಯ ಅವಶೇಷ ಇಷ್ಟಪಡುವವರಿಗೆ ವಾಯವ್ಯ ಮೂಲೆಯ ಗುಡ್ಡದ ಮೇಲೆ 1814ರ ಬ್ಲಾಕ್‌ಹೌಸ್ ಇದೆ. ಕಾಲಲ್ಲಿ ಶಕ್ತಿ ಉಳಿಸಿಕೊಳ್ಳಬೇಕು ಅನಿಸಿದರೆ ಅದನ್ನು ಬಿಡಬಹುದು.

3. ರಿಸರ್ವಾಯರ್

ಪೂಲ್‌ನಿಂದ ದಕ್ಷಿಣಕ್ಕೆ ಸ್ವಲ್ಪ ನಡೆದರೆ ಇದ್ದಕ್ಕಿದ್ದಂತೆ ಬಯಲು, ಬಯಲಿನ ತುಂಬ ನೀರು. 106 ಎಕರೆಯ ಈ ಜಲಾಶಯ ನಗರಕ್ಕೆ ಕುಡಿಯುವ ನೀರು ಹಂಚಲು ಕಟ್ಟಿದ್ದು. 1993ರಲ್ಲಿ ಆ ಕೆಲಸದಿಂದ ಬಿಡುಗಡೆ ಆಯಿತು. ಮರುವರ್ಷ ಜಾಕ್ವೆಲಿನ್ ಕೆನಡಿ ಒನಾಸಿಸ್ ಅವರ ಹೆಸರಿಟ್ಟರು. ಸುತ್ತಲೂ ಎರಡೂವರೆ ಕಿಲೋಮೀಟರ್ ಮಣ್ಣಿನ ದಾರಿ. ಅಲ್ಲಿ ಎಲ್ಲರೂ ಒಂದೇ ದಿಕ್ಕಿನಲ್ಲಿ, ಗಡಿಯಾರದ ಮುಳ್ಳಿಗೆ ಎದುರಾಗಿ ಓಡುತ್ತಾರೆ. ನೀವೂ ಹಾಗೇ ನಡೆಯಿರಿ. ಎದುರಿನಿಂದ ಹೋದರೆ ಓಡುವವರು ಮುಖ ಸಿಂಡರಿಸುತ್ತಾರೆ. ಪಶ್ಚಿಮದ ದಂಡೆ ಹಿಡಿದು ಇಳಿದರೆ ದಿಕ್ಕೂ ಸರಿ, ಮುಂದಿನ ಜಾಗಕ್ಕೆ ಹತ್ತಿರವೂ ಹೌದು. ಏಪ್ರಿಲ್‌ನಲ್ಲಿ ಈ ಸುತ್ತಿನಲ್ಲಿ ಚೆರ್ರಿ ಮರಗಳು ಹೂಬಿಟ್ಟಿರುತ್ತವೆ.

4. ಸೆನೆಕಾ ವಿಲೇಜ್ ಇದ್ದ ಜಾಗ

ಪಶ್ಚಿಮ ಭಾಗದಲ್ಲಿ, 82ರಿಂದ 89ನೇ ಬೀದಿಗಳ ನಡುವೆ, ಸ್ವಲ್ಪ ಏರುತಗ್ಗಿನ ಹುಲ್ಲು ನೆಲ ಇದೆ. ನೋಡಲು ಏನೂ ವಿಶೇಷ ಇಲ್ಲ. ಆದರೂ ಇಲ್ಲಿ ನಿಲ್ಲಿ. ಪಾರ್ಕ್ ಬರುವ ಮುಂಚೆ ಇಲ್ಲಿ ಒಂದು ಊರಿತ್ತು. 1825ರಲ್ಲಿ ಕಪ್ಪು ಜನಾಂಗದವರು ಜಾಗ ಕೊಂಡು ಮನೆ ಕಟ್ಟತೊಡಗಿದರು. ಆಮೇಲೆ ಐರಿಷ್ ವಲಸಿಗರೂ ಸೇರಿಕೊಂಡರು. 1855ರ ಹೊತ್ತಿಗೆ ಸುಮಾರು 225 ಜನ, ಮೂರು ಚರ್ಚು, ಒಂದು ಶಾಲೆ. ಆಗಿನ ನ್ಯೂಯಾರ್ಕ್‌ನಲ್ಲಿ ಕಪ್ಪು ಗಂಡಸರಿಗೆ ಮತ ಹಾಕಬೇಕಾದರೆ 250 ಡಾಲರ್ ಬೆಲೆಯ ಆಸ್ತಿ ಇರಬೇಕಿತ್ತು. ಹಾಗಾಗಿ ಇಲ್ಲಿ ಜಾಗ ಇರುವುದು ಅಂದರೆ ತಲೆಯ ಮೇಲೆ ಸೂರು ಮಾತ್ರವಲ್ಲ, ಮತದ ಹಕ್ಕಿನ ದಾರಿಯೂ ಆಗಿತ್ತು. 1857ರಲ್ಲಿ ನಗರ ಈ ಭೂಮಿಯನ್ನು ವಶಪಡಿಸಿಕೊಂಡಿತು. ಪರಿಹಾರ ಕೊಟ್ಟರು, ಆದರೆ ಊರು ಚೆದುರಿಹೋಯಿತು. ಈಗ ವಿವರಣೆಯ ಫಲಕಗಳಿವೆ, ಓದಿಕೊಂಡು ಮುಂದೆ ಹೋಗಿ.

5. ಗ್ರೇಟ್ ಲಾನ್, ಓಬೆಲಿಸ್ಕ್, ಬೆಲ್ವೆಡೇರ್

ಇಲ್ಲಿಂದ ಪೂರ್ವಕ್ಕೆ ತಿರುಗಿದರೆ ಗ್ರೇಟ್ ಲಾನ್. ಊಟಕ್ಕೆ ಬಟ್ಟೆ ಹಾಸಲು ಸರಿಯಾದ ಜಾಗ, ಹುಲ್ಲಿಗೆ ವಿಶ್ರಾಂತಿ ಕೊಟ್ಟು ಬೇಲಿ ಹಾಕಿಲ್ಲದಿದ್ದರೆ. ಇದೂ ಮೊದಲು ಒಂದು ಜಲಾಶಯವೇ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಮನೆ ಕಳೆದುಕೊಂಡವರು ಆ ಖಾಲಿ ಗುಂಡಿಯಲ್ಲಿ ಗುಡಿಸಲು ಹಾಕಿಕೊಂಡಿದ್ದರು.

ಲಾನ್‌ನ ಪೂರ್ವಕ್ಕೆ, ಮೆಟ್ರೊಪಾಲಿಟನ್ ಮ್ಯೂಸಿಯಂನ ಹಿಂದೆ, ಈಜಿಪ್ಟಿನ ಓಬೆಲಿಸ್ಕ್ ಎಂಬ ಎತ್ತರದ ಕಲ್ಲಿನ ಕಂಬ ನಿಂತಿದೆ. ಸುಮಾರು 3,500 ವರ್ಷ ಹಳೆಯದು. ಮೂರನೇ ಥುಟ್‌ಮೋಸ್ ದೊರೆಯ ಕಾಲದ್ದು. 200 ಟನ್ ತೂಕದ ಈ ಕಲ್ಲನ್ನು ಹಡಗಿನಲ್ಲಿ ತಂದು, ರಸ್ತೆಯ ಮೇಲೆ ತಿಂಗಳುಗಟ್ಟಲೆ ಇಂಚು ಇಂಚಾಗಿ ಎಳೆದು, 1881ರಲ್ಲಿ ನಿಲ್ಲಿಸಿದರು. ಕೆತ್ತನೆಯ ಅಕ್ಷರಗಳು ಕೆಲವು ಬದಿಗಳಲ್ಲಿ ಸವೆದಿವೆ. ಮ್ಯೂಸಿಯಂಗೆ ಮಾತ್ರ ಈ ದಿನ ಹೋಗಬೇಡಿ. ಅದಕ್ಕೇ ಒಂದು ದಿನ ಸಾಲದು. 'ಒಂದು ಗಂಟೆ ಇಣುಕಿ ಬರೋಣ' ಅಂತ ಒಳಗೆ ಹೋದವರು ಪಾರ್ಕಿಗೆ ವಾಪಸ್ ಬರುವುದಿಲ್ಲ.

ಲಾನ್‌ನ ದಕ್ಷಿಣಕ್ಕೆ ಟರ್ಟಲ್ ಪಾಂಡ್. ಬಿಸಿಲಿದ್ದರೆ ಆಮೆಗಳು ಕಲ್ಲು, ದಿಮ್ಮಿಗಳ ಮೇಲೆ ಸಾಲಾಗಿ ಮಲಗಿರುತ್ತವೆ. ಕೊಳದ ಆಚೆ ಬಂಡೆಯ ಮೇಲೆ ಬೆಲ್ವೆಡೇರ್ ಕೋಟೆ. ಯಾವ ರಾಜನೂ ಇಲ್ಲಿ ವಾಸ ಮಾಡಿಲ್ಲ. ದೂರದಿಂದ ನೋಡಲಿ ಅಂತಲೇ ಕಟ್ಟಿದ ಕೋಟೆ. ಆದರೆ ಕೆಲಸ ಇಲ್ಲದೆ ನಿಂತಿಲ್ಲ. 1919ರಿಂದ ಇಲ್ಲಿ ಹವಾಮಾನ ಅಳೆಯುತ್ತಿದ್ದಾರೆ. ನ್ಯೂಯಾರ್ಕ್ ನಗರದ ಇವತ್ತಿನ ಉಷ್ಣಾಂಶ ಇಷ್ಟು ಅಂತ ಸುದ್ದಿಯಲ್ಲಿ ಬರುವ ಅಂಕೆ ಇಲ್ಲಿನದು. ಮೇಲೆ ಹತ್ತಿದರೆ ಒಂದು ಕಡೆ ಲಾನ್, ಇನ್ನೊಂದು ಕಡೆ ರಾಂಬಲ್ ಕಾಡು.

ಪಕ್ಕದಲ್ಲೇ ಡೆಲಕೋರ್ಟ್ ಬಯಲು ರಂಗಮಂದಿರ. 1962ರಿಂದ ಬೇಸಿಗೆಯಲ್ಲಿ ಇಲ್ಲಿ ಶೇಕ್ಸ್‌ಪಿಯರ್ ನಾಟಕಗಳನ್ನು ಉಚಿತವಾಗಿ ತೋರಿಸುತ್ತಾರೆ. ಉಚಿತ ಅಂದರೆ ಸಾಲು ಉದ್ದ ಅಂತಲೇ ಅರ್ಥ. ನಾಟಕ ನೋಡುವ ಆಸೆ ಇದ್ದರೆ ಆ ದಿನ ಬೇರೆ ಯೋಜನೆ ಇಟ್ಟುಕೊಳ್ಳಬೇಡಿ.

6. ರಾಂಬಲ್‌ನಲ್ಲಿ ಹಕ್ಕಿ ನೋಡುವುದು

ಕೋಟೆಯಿಂದ ದಕ್ಷಿಣಕ್ಕೆ ಇಳಿದರೆ ರಾಂಬಲ್, ಸುಮಾರು 36 ಎಕರೆಯ ಕಾಡು. ಇಲ್ಲಿ ದಾರಿಗಳು ಕವಲೊಡೆದು ಮತ್ತೆ ಅಲ್ಲಿಗೇ ಬಂದು ಸೇರುತ್ತವೆ. ನಕ್ಷೆ ಮಡಚಿ ಒಳಗಿಡಿ.

ಅಮೆರಿಕದ ಪೂರ್ವ ಕರಾವಳಿಯ ಉದ್ದಕ್ಕೂ ಹಕ್ಕಿಗಳು ವಸಂತದಲ್ಲಿ ಉತ್ತರಕ್ಕೆ, ಶರತ್ಕಾಲದಲ್ಲಿ ದಕ್ಷಿಣಕ್ಕೆ ಹಾರುತ್ತವೆ. ರಾತ್ರಿಯಿಡೀ ಹಾರಿ ಸುಸ್ತಾದವು ಬೆಳಗಿನ ಜಾವ ಕೆಳಗೆ ನೋಡಿದರೆ ಮೈಲಿಗಟ್ಟಲೆ ಕಾಂಕ್ರೀಟ್. ಅದರ ನಡುವೆ ಹಸಿರು ಇರುವುದು ಇದೊಂದು ದೊಡ್ಡ ಆಯತದಲ್ಲಿ. ಹಾಗಾಗಿ ಎಲ್ಲ ಇಲ್ಲೇ ಇಳಿಯುತ್ತವೆ. ದೊಡ್ಡ ಕಾಡಿನಲ್ಲಿ ಚದುರಿಹೋಗುವ ಹಕ್ಕಿಗಳು ಇಲ್ಲಿ ಒಟ್ಟೊಟ್ಟಿಗೆ ಸಿಗುವುದು ಇದೇ ಕಾರಣಕ್ಕೆ. ಪಾರ್ಕಿನಲ್ಲಿ 200ಕ್ಕೂ ಹೆಚ್ಚು ಜಾತಿಯ ಹಕ್ಕಿಗಳನ್ನು ಗುರುತಿಸಿದ್ದಾರೆ.

ಏಪ್ರಿಲ್ ಕೊನೆಯಿಂದ ಮೇ ಮಧ್ಯದವರೆಗೆ ವಾರ್ಬ್ಲರ್ ಎಂಬ ಬೆರಳುದ್ದದ ಬಣ್ಣಬಣ್ಣದ ಹಕ್ಕಿಗಳ ಕಾಲ. ಉಳಿದ ತಿಂಗಳಲ್ಲೂ ಕಡುಗೆಂಪಿನ ಕಾರ್ಡಿನಲ್, ನೀಲಿ ಜೇ, ಮರಕುಟಿಗ ಸಿಗುತ್ತವೆ. ಹಕ್ಕಿ ಹುಡುಕುವ ಸುಲಭ ಉಪಾಯ ಹೇಳಲಾ? ಜನರನ್ನು ಹುಡುಕಿ. ದುರ್ಬೀನು ಹಿಡಿದು ಎಲ್ಲರೂ ಒಂದೇ ಮರಕ್ಕೆ ತಲೆ ಎತ್ತಿ ನಿಂತಿದ್ದರೆ ನೀವೂ ಸದ್ದಿಲ್ಲದೆ ಪಕ್ಕದಲ್ಲಿ ನಿಲ್ಲಿ. 'ಏನು ಕಾಣಿಸುತ್ತಿದೆ?' ಅಂತ ಮೆಲ್ಲಗೆ ಕೇಳಿದರೆ ಖುಷಿಯಿಂದ ತೋರಿಸುತ್ತಾರೆ. ಹಕ್ಕಿಗಾಗಿಯೇ ಬರುವವರು ಮಾತ್ರ ಇನ್ನೊಂದು ದಿನ ಬೆಳಿಗ್ಗೆ 7ಕ್ಕೆ ನೇರ ಇಲ್ಲಿಗೇ ಬರಬೇಕು. ಮಧ್ಯಾಹ್ನ ಹಕ್ಕಿಗಳು ಸುಮ್ಮನಾಗುತ್ತವೆ.

7. ಕೆರೆ, ಬೋ ಬ್ರಿಡ್ಜ್, ಬೆಥೆಸ್ಡಾ

ರಾಂಬಲ್‌ನಿಂದ ಹೊರಬರಲು ಕೆರೆಯ ಮೇಲಿನ ಬೋ ಬ್ರಿಡ್ಜ್ ದಾಟಿ. 1862ರಲ್ಲಿ ಮುಗಿದ ಎರಕದ ಕಬ್ಬಿಣದ ಸೇತುವೆ. ಬಿಲ್ಲಿನಂತೆ ಬಾಗಿದೆ. ಮದುವೆ ಫೋಟೊ ತೆಗೆಸಿಕೊಳ್ಳುವವರ ಸಾಲು ಇಲ್ಲಿ ಮುಗಿಯುವುದೇ ಇಲ್ಲ.

ಕೆರೆಯ ಪೂರ್ವದ ತುದಿಯಲ್ಲಿ ಲೋಬ್ ಬೋಟ್‌ಹೌಸ್ ಇದೆ. ಬೆಚ್ಚಗಿನ ತಿಂಗಳುಗಳಲ್ಲಿ ಹುಟ್ಟು ಹಾಕುವ ದೋಣಿ ಬಾಡಿಗೆಗೆ ಸಿಗುತ್ತದೆ. ಇಡೀ ಪಾರ್ಕಿನಲ್ಲಿ ದುಡ್ಡು ಕೊಟ್ಟು ಮಾಡುವ ಕೆಲಸಗಳಲ್ಲಿ ಒಂದನ್ನೇ ಆರಿಸಿ ಅಂದರೆ ನಾನು ಇದನ್ನೇ ಆರಿಸುತ್ತೇನೆ. ವಾರಾಂತ್ಯದ ಮಧ್ಯಾಹ್ನ ಸಾಲು ಉದ್ದ ಇರುತ್ತದೆ, ವಾರದ ದಿನ ವಾಸಿ.

ಬೆಥೆಸ್ಡಾ ಟೆರೇಸ್ ಪಾರ್ಕಿನ ಹೃದಯ. ಕಾರಂಜಿಯ ಮೇಲಿನ ದೇವದೂತೆಯ ಕಂಚಿನ ಮೂರ್ತಿಯನ್ನು ಮಾಡಿದವರು ಎಮ್ಮಾ ಸ್ಟೆಬಿನ್ಸ್. 1873ರಲ್ಲಿ ಅನಾವರಣವಾಯಿತು. ನ್ಯೂಯಾರ್ಕ್ ನಗರದ ಇಂಥ ದೊಡ್ಡ ಸಾರ್ವಜನಿಕ ಶಿಲ್ಪದ ಕೆಲಸ ಒಬ್ಬ ಹೆಂಗಸಿಗೆ ಸಿಕ್ಕಿದ್ದು ಅದೇ ಮೊದಲು. 1842ರಲ್ಲಿ ಕ್ರೋಟನ್ ನಾಲೆಯ ಮೂಲಕ ಊರಿಗೆ ಶುದ್ಧ ನೀರು ಬಂದದ್ದರ ನೆನಪು ಈ ಮೂರ್ತಿ. ಅದಕ್ಕೆ ಹತ್ತು ವರ್ಷ ಮೊದಲು ಕಾಲರಾದಿಂದ ಸಾವಿರಾರು ಜನ ಸತ್ತಿದ್ದರು. ನೀವು ಬೆಳಿಗ್ಗೆಯಿಂದ ದಾಟಿ ಬಂದ ಜಲಾಶಯಗಳೂ ಆ ಕ್ರೋಟನ್ ನೀರಿಗಾಗಿಯೇ ಕಟ್ಟಿದವು.

ಮೆಟ್ಟಿಲಿನ ಕೆಳಗಿನ ಕಮಾನು ಮಂಟಪಕ್ಕೆ ಹೋಗಿ ಮೇಲೆ ನೋಡಿ. ಛಾವಣಿಯ ತುಂಬ ಇಂಗ್ಲೆಂಡಿನ ಮಿಂಟನ್ ಕಂಪನಿಯ ಬಣ್ಣದ ಹೆಂಚುಬಿಲ್ಲೆಗಳು, 15,000ಕ್ಕೂ ಹೆಚ್ಚು. ಧ್ವನಿ ಇಲ್ಲಿ ಚೆನ್ನಾಗಿ ಗುಂಯ್‌ಗುಡುತ್ತದೆ. ಅದಕ್ಕೇ ಹಾಡುವವರು, ಪಿಟೀಲು ನುಡಿಸುವವರು ಸದಾ ಇರುತ್ತಾರೆ. ಕೇಳಿ ಖುಷಿಯಾದರೆ ಒಂದೆರಡು ಡಾಲರ್ ಹಾಕಿ.

ಜಾನ್ ಲೆನನ್ ಅಭಿಮಾನಿಗಳು ಇಲ್ಲಿಂದ ಪಶ್ಚಿಮಕ್ಕೆ, 72ನೇ ಬೀದಿಯ ಗೇಟಿನ ಹತ್ತಿರ ಅವರ ನೆನಪಿಗಾಗಿ ಇರುವ ಸ್ಟ್ರಾಬೆರಿ ಫೀಲ್ಡ್ಸ್‌ಗೆ ಹೋಗಿಬರಬಹುದು. ಅವರು ವಾಸವಿದ್ದ, 1980ರಲ್ಲಿ ಎದುರಿಗೇ ಗುಂಡೇಟಿಗೆ ಬಲಿಯಾದ ಡಕೋಟಾ ಕಟ್ಟಡ ರಸ್ತೆಯ ಆಚೆ ಇದೆ.

8. ಮಾಲ್‌ನಿಂದ ಕೊಳದವರೆಗೆ

ಟೆರೇಸ್‌ನಿಂದ ದಕ್ಷಿಣಕ್ಕೆ ಮಾಲ್. ಇದು ಅಂಗಡಿಗಳ ಮಾಲ್ ಅಲ್ಲ, ಎರಡೂ ಬದಿ ಎಲ್ಮ್ ಮರಗಳಿರುವ ಅಗಲವಾದ ನಡಿಗೆ ದಾರಿ. ಪಾರ್ಕಿನಲ್ಲಿ ನೇರವಾಗಿರುವ ದಾರಿ ಇದೊಂದೇ ಅನ್ನಬಹುದು. ಡಚ್ ಎಲ್ಮ್ ರೋಗ ಅಮೆರಿಕದ ಊರೂರುಗಳಲ್ಲಿ ಈ ಮರಗಳನ್ನು ಕೊಂದು ಹಾಕಿತು. ಇಲ್ಲಿ ಉಳಿದಿರುವುದು ವರ್ಷವರ್ಷದ ಆರೈಕೆಯಿಂದ. ಶೇಕ್ಸ್‌ಪಿಯರ್, ಬರ್ನ್ಸ್, ಸ್ಕಾಟ್ ಇವರ ಪ್ರತಿಮೆಗಳಿವೆ. ನಿಜವಾಗಿ ಬದುಕಿದ್ದ ಹೆಂಗಸರ ಪ್ರತಿಮೆ ಪಾರ್ಕಿಗೆ ಬಂದದ್ದು 2020ರಲ್ಲಿ! ಹೆಂಗಸರ ಹಕ್ಕಿಗಾಗಿ ಹೋರಾಡಿದ ಸೊಜರ್ನರ್ ಟ್ರೂತ್, ಸೂಸನ್ ಬಿ. ಆಂಥನಿ, ಎಲಿಜಬೆತ್ ಕೇಡಿ ಸ್ಟಾಂಟನ್ ಇಲ್ಲಿ ಒಂದೇ ಮೇಜಿನ ಸುತ್ತ ಇದ್ದಾರೆ.

ಮಾಲ್‌ನ ಪಶ್ಚಿಮಕ್ಕೆ 15 ಎಕರೆಯ ಶೀಪ್ ಮೆಡೋ. 1934ರವರೆಗೆ ಇಲ್ಲಿ ನಿಜವಾದ ಕುರಿಗಳು ಮೇಯುತ್ತಿದ್ದವು. ಅವುಗಳ ದೊಡ್ಡಿ ಈಗ 'ಟಾವರ್ನ್ ಆನ್ ದಿ ಗ್ರೀನ್' ಎಂಬ ಹೋಟೆಲು. ಇಲ್ಲಿ ಆಟ, ಗಲಾಟೆ ಇಲ್ಲ, ಬರೀ ಮಲಗುವುದು. ಇಷ್ಟು ನಡೆದ ಮೇಲೆ ನಿಮಗೂ ಅದೇ ಬೇಕಾಗಿರುತ್ತದೆ.

ಮಕ್ಕಳಿದ್ದರೆ ಸ್ವಲ್ಪ ಕೆಳಗೆ 1908ರ ಮೆರ್ರಿ-ಗೋ-ರೌಂಡ್ ಇದೆ. ಕೈಯಲ್ಲಿ ಕೆತ್ತಿದ 57 ಮರದ ಕುದುರೆಗಳು. ಅದರ ಹತ್ತಿರವೇ ಅಂಪೈರ್ ರಾಕ್. ಸುಮಾರು 45 ಕೋಟಿ ವರ್ಷ ಹಳೆಯ ಬಂಡೆ. ಅದರ ಮೈಮೇಲೆ ಉದ್ದುದ್ದ ಗೀರುಗಳನ್ನು ಕೈಯಿಂದ ಮುಟ್ಟಿ ನೋಡಿ. ಹಿಮಯುಗದಲ್ಲಿ ಈ ನೆಲದ ಮೇಲೆ ದಪ್ಪನೆಯ ಹಿಮನದಿ ಜಾರುತ್ತಾ, ತಳದಲ್ಲಿ ಸಿಕ್ಕಿಕೊಂಡ ಕಲ್ಲುಗಳಿಂದ ಉಜ್ಜಿದ ಗುರುತು ಅವು. ಮಿನುಗುವುದು ಅಭ್ರಕ. ಪಕ್ಕದ ಹೆಕ್‌ಶರ್ ಆಟದ ಮೈದಾನದಲ್ಲಿ ಶೌಚಾಲಯವೂ ಇದೆ.

ಆಗ್ನೇಯ ಮೂಲೆಗೆ ಬಂದರೆ ಗ್ಯಾಪ್‌ಸ್ಟೋ ಎಂಬ ಕಲ್ಲಿನ ಸೇತುವೆ, ಅದರ ಕೆಳಗೆ ಕೊಳ. ಕಟ್ಟಡಗಳ ದೀಪ ನೀರಲ್ಲಿ ಕಾಣುವ ಹೊತ್ತಿಗೆ ಸರಿಯಾಗಿ ಬಂದಿರುತ್ತೀರಿ. ಮೃಗಾಲಯ ಪಕ್ಕದಲ್ಲೇ ಇದೆ, ಆದರೆ ಸಂಜೆಗೆ ಮುಚ್ಚಿರುತ್ತದೆ. 2023ರ ಫೆಬ್ರವರಿಯಲ್ಲಿ ಯಾರೋ ಇಲ್ಲಿನ ಬಲೆ ಕತ್ತರಿಸಿದ್ದರಿಂದ ಫ್ಲಾಕೊ ಎಂಬ ದೊಡ್ಡ ಗೂಬೆ ಹೊರಬಂತು. ಒಂದು ವರ್ಷ ನಗರದಲ್ಲಿ ಸ್ವತಂತ್ರವಾಗಿ ಹಾರಾಡಿಕೊಂಡಿತ್ತು.

ನಡೆಯಲು ಆಗದವರಿಗೆ

ವಯಸ್ಸಾದವರು ಜೊತೆಗಿದ್ದರೆ ಇಡೀ ದಾರಿ ಬೇಡ. 72ನೇ ಬೀದಿಯಲ್ಲಿ ಒಳಗೆ ಬಂದು ಬೆಥೆಸ್ಡಾ, ಮಾಲ್ ಮಾತ್ರ ನೋಡಿ. ದಾರಿ ಸಮತಟ್ಟು, ಬೆಂಚು ಬೇಕಾದಷ್ಟು. ಸೈಕಲ್ ಬಾಡಿಗೆಗೆ ಪಡೆದರೆ ಸುತ್ತುರಸ್ತೆ ಸುಮಾರು 10 ಕಿಲೋಮೀಟರ್. ಅದೂ ಏಕಮುಖ, ಗಡಿಯಾರಕ್ಕೆ ಎದುರು ದಿಕ್ಕು. 2018ರಿಂದ ಆ ರಸ್ತೆಗಳಲ್ಲಿ ಕಾರುಗಳಿಲ್ಲ. ಕಾಲುದಾರಿಗಳಲ್ಲಿ ಸೈಕಲ್ ಬಿಡುವಂತಿಲ್ಲ, ಉತ್ತರದ ತುದಿಯಲ್ಲಿ ಉಸಿರು ಕಟ್ಟಿಸುವ ದಿಬ್ಬ ಇದೆ. ಪಾರ್ಕಿಗೆ ಅಡ್ಡಡ್ಡ ಹೋಗುವ ನಗರದ ನಾಲ್ಕು ರಸ್ತೆಗಳನ್ನು ಓಮ್‌ಸ್ಟೆಡ್ ಮತ್ತು ವಾಕ್ಸ್ ನೆಲಮಟ್ಟದಿಂದ ಕೆಳಗೆ ಹುದುಗಿಸಿದ್ದರಿಂದ ಬಸ್ಸು, ಲಾರಿ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಕುದುರೆಗಾಡಿಯೇ ದೊಡ್ಡ ವಾಹನವಾಗಿದ್ದ ಕಾಲದಲ್ಲಿ ಇಬ್ಬರೂ ಇದನ್ನು ಯೋಚಿಸಿದ್ದರು.

ಸೈಕಲ್ ರಿಕ್ಷಾ ಹತ್ತುವ ಮುಂಚೆ ಎಚ್ಚರ. ದರ ಗಂಟೆಗಲ್ಲ, ನಿಮಿಷಕ್ಕೆ. ಗಾಡಿಯ ಮೇಲೆ ದರದ ಫಲಕ ಇರಲೇಬೇಕು. ಅದನ್ನು ಓದಿ, ಒಬ್ಬರಿಗಾ ಎಲ್ಲರಿಗೂ ಸೇರಿನಾ ಅಂತ ಕೇಳಿ, ಹೊರಟ ಸಮಯವನ್ನು ಫೋನಿನಲ್ಲಿ ಗುರುತು ಹಾಕಿಕೊಳ್ಳಿ. ಪಾರ್ಕಿನೊಳಗೆ ಸಿಗರೇಟು, ಮದ್ಯ, ಡ್ರೋನ್ ಯಾವುದೂ ಇಲ್ಲ.

ವಾಪಸ್ ಹೋಗಲು ಕೊಳದ ಪಕ್ಕದ ಗೇಟಿನಿಂದ ಹೊರಬಂದರೆ ಫಿಫ್ತ್ ಅವೆನ್ಯೂ 59ನೇ ಬೀದಿಯ ನಿಲ್ದಾಣ, ಎನ್ ಮತ್ತು ಆರ್ ರೈಲು. ಎ, ಬಿ, ಸಿ, ಡಿ ಅಥವಾ 1 ಬೇಕಿದ್ದರೆ 59ನೇ ಬೀದಿಯಲ್ಲೇ ಪಶ್ಚಿಮಕ್ಕೆ ನಡೆದು ಕೊಲಂಬಸ್ ಸರ್ಕಲ್‌ಗೆ ಹೋಗಿ.